ಅಪ್ಪನ ವಾಚಿಗೆ ಇನ್ನೊಂದು ಕೈ: ವೈಂಡರ್ ಆರಿಸುವ ಲೆಕ್ಕ

ಅಪ್ಪನ ವಾಚು ನಿಲ್ಲಲು ಶುರುವಾದದ್ದು ಅವರ ಮೊಣಕಾಲಿನ ಆಪರೇಶನ್ ಆದ ಮೇಲೆ. ಬೆಳಿಗ್ಗೆ ಎದ್ದು ನೋಡಿದರೆ ಮೂರೂಕಾಲಿಗೆ ನಿಂತಿರುತ್ತಿತ್ತು. ಕೈಯಲ್ಲಿ ಹಿಡಿದು ನಾಲ್ಕು ಸಲ ಅಲ್ಲಾಡಿಸಿದರೆ ಮತ್ತೆ ಹೊರಡುತ್ತಿತ್ತು. ಮರುದಿನ ಪುನಃ ಅದೇ ಕತೆ. ವಾಚು ಅಂದರೆ ಸೀಕೋ 5, ಸೆಲ್ಲಿಲ್ಲದ ಆಟೋಮ್ಯಾಟಿಕ್. ಸುಮಾರು 25 ವರ್ಷದ ಹಿಂದೆ ಶಾರ್ಜಾದಿಂದ ಮಾವ ತಂದುಕೊಟ್ಟದ್ದು. ವಾರದ ಹೆಸರು ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಬರುವಂಥದ್ದು. ನಮ್ಮ ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆ ಗಲ್ಫಿಗೆ ಹೋದವರಿರುವ ಮನೆಗಳಲ್ಲಿ ಹುಡುಕಿದರೆ ಕಪಾಟಿನಲ್ಲಿ ಇಂಥದ್ದೊಂದು ಸಿಗುತ್ತದೆ.

ಕಾಸರಗೋಡು ಪೇಟೆಯ ವಾಚು ರಿಪೇರಿಯವರ ಹತ್ತಿರ ಕೊಂಡುಹೋದೆವು. ಅವರು ಹಿಂದಿನ ಮುಚ್ಚಳ ತೆಗೆದರು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಐದು ನಿಮಿಷ ನೋಡಿದರು, ಮುಚ್ಚಳ ಹಾಕಿ ವಾಪಸ್ ಕೊಟ್ಟರು.

"ಮಾಷ್ಟ್ರೇ, ಇದಕ್ಕೆ ಎಂತದೂ ಆಗ್ಲಿಲ್ಲ. ನಿಮ್ಮ ಕೈ ಆಡುದಿಲ್ಲ, ಮತ್ತೆ ಇದು ಹೇಗೆ ಓಡುದು?"

ಅಪ್ಪ ಕನ್ನಡ ಶಾಲೆಯ ಮಾಷ್ಟ್ರಾಗಿದ್ದವರು. ನಿವೃತ್ತಿಯ ನಂತರ ಅಡಿಕೆ ತೋಟದಲ್ಲೇ ಇರುತ್ತಿದ್ದರು. ಈಗ ಸಿಟೌಟಿನ ಈಸಿಚೇರೇ ಅವರ ಜಾಗ. ಎಡಗೈ ಕುರ್ಚಿಯ ಕೈಮೇಲೆ, ಬಲಗೈಯಲ್ಲಿ ಪೇಪರು. ವಾಚು ಕಟ್ಟಿದ ಕೈ ದಿನವಿಡೀ ಹೆಚ್ಚೇನೂ ಅಲ್ಲಾಡುವುದಿಲ್ಲ. ವಾಚು ಹಸಿದು ನಿಲ್ಲುತ್ತಿತ್ತು, ಅಷ್ಟೇ.

ಅದಕ್ಕಾಗಿ ನಾನು ವಾಚ್ ವೈಂಡರ್ ಎಂಬ ಸಾಮಾನಿನ ಹಿಂದೆ ಬಿದ್ದೆ. ಬಿಚ್ಚಿಟ್ಟ ವಾಚನ್ನು ಮೋಟಾರಿನಿಂದ ತಿರುಗಿಸುವ ಪುಟ್ಟ ಪೆಟ್ಟಿಗೆ ಅದು. ಒಂದು ಸಲ ಮೋಸಹೋದೆ, ಎರಡನೆಯ ಸಲ ಸರಿಯಾದದ್ದು ತೆಗೆದುಕೊಂಡೆ. ಈ ನಡುವೆ ಗೊತ್ತಾದದ್ದು ಒಂದೇ ವಿಷಯ. ವೈಂಡರ್ ಎಂದರೆ ಚಂದದ ಪೆಟ್ಟಿಗೆಯಲ್ಲ, ಬಾಡಿಗೆಗೆ ಸಿಗುವ ಕೈ. ನಿಮ್ಮ ಕೈ ಮಾಡದೆ ಬಿಟ್ಟ ಕೆಲಸ ಎಷ್ಟು ಎಂದು ಮೊದಲು ಲೆಕ್ಕ ಹಾಕಬೇಕು. ಪೆಟ್ಟಿಗೆ ಆಮೇಲೆ.

ಮೊದಲು ವಾಚಿನ ಹೊಟ್ಟೆಯೊಳಗೆ ಏನುಂಟು ನೋಡೋಣ. ಹಳೆಯ ಎಚ್‌ಎಂಟಿ ಜನತಾ ನೆನಪುಂಟಲ್ವಾ? ದಿನಾ ಬೆಳಿಗ್ಗೆ ಕೀ ಕೊಡಬೇಕಿತ್ತು. ಕೀ ಕೊಟ್ಟಾಗ ಒಳಗಿನ ಉದ್ದದ ಸ್ಪ್ರಿಂಗ್ ಪಟ್ಟಿ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಅದು ನಿಧಾನಕ್ಕೆ ಬಿಚ್ಚಿಕೊಳ್ಳುವಾಗ ಮುಳ್ಳುಗಳು ಓಡುತ್ತವೆ. ಆಟೋಮ್ಯಾಟಿಕ್ ವಾಚಿನಲ್ಲೂ ಇದೇ ಸ್ಪ್ರಿಂಗ್. ಕೀ ಕೊಡುವವನು ಮಾತ್ರ ಬೇರೆ. ಹಿಂದಿನ ಮುಚ್ಚಳದ ಕೆಳಗೆ ಅರ್ಧಚಂದ್ರದಂಥ ಒಂದು ಭಾರದ ತಗಡು ಇರುತ್ತದೆ, ಅದಕ್ಕೆ ರೋಟರ್ ಎನ್ನುತ್ತಾರೆ. ಕೈ ಆಡಿದ ಹಾಗೆ ಈ ತಗಡು ತಿರುಗುತ್ತದೆ, ತಿರುಗುವಾಗ ಚಕ್ರಗಳ ಮೂಲಕ ಸ್ಪ್ರಿಂಗನ್ನು ಬಿಗಿಮಾಡುತ್ತದೆ. ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಗರಗರ ಎನ್ನುವುದು ಅದೇ.

ಈ ಯೋಚನೆ ಹಳೆಯದು. ಸ್ವಿಟ್ಜರ್ಲೆಂಡಿನ ಅಬ್ರಹಾಂ ಲೂಯಿ ಪೆರ್ಲೆ 1770ರ ದಶಕದಲ್ಲೇ ಜೇಬಿನ ಗಡಿಯಾರಕ್ಕೆ ಇಂಥದ್ದು ಮಾಡಿದ್ದರು. ಆದರೆ ಜೇಬಿನೊಳಗೆ ಗಡಿಯಾರ ಎಷ್ಟು ಅಲ್ಲಾಡೀತು? ಕೈಗೆ ಕಟ್ಟುವ ವಾಚು ಬಂದ ಮೇಲೆ ಇದಕ್ಕೆ ನಿಜವಾದ ಬೆಲೆ ಬಂತು. ಇಂಗ್ಲೆಂಡಿನ ಜಾನ್ ಹಾರ್ವುಡ್ ಅವರಿಗೆ ತಾನೇ ಕೀ ಕೊಟ್ಟುಕೊಳ್ಳುವ ಕೈಗಡಿಯಾರಕ್ಕೆ 1924ರಲ್ಲಿ ಸ್ವಿಸ್ ಪೇಟೆಂಟ್ ಸಿಕ್ಕಿತು. ಅವರ ತಗಡು ಪೂರ್ತಿ ಸುತ್ತು ಬರುತ್ತಿರಲಿಲ್ಲ, ಎರಡೂ ಕಡೆ ಬಡಿದು ವಾಪಸ್ ಬರುತ್ತಿತ್ತು. 1931ರಲ್ಲಿ ರೋಲೆಕ್ಸ್ ಪೂರ್ತಿ ಸುತ್ತುವ ರೋಟರ್ ತಂದಿತು.

ಇನ್ನು ಕೊಳ್ಳುವ ವಿಚಾರ. ಮೊದಲ ಪ್ರಶ್ನೆ, ನಿಮಗೆ ವೈಂಡರ್ ಬೇಕಾ? ಜಾಸ್ತಿ ಜನರಿಗೆ ಬೇಡ. ದಿನಾ ಅದೇ ವಾಚು ಕಟ್ಟಿಕೊಂಡು ಓಡಾಡುವವರಿಗೆ ಅವರ ಕೈಯೇ ವೈಂಡರ್. ರಾತ್ರಿ ಬಿಚ್ಚಿಟ್ಟರೂ ಮಾಮೂಲಿ ಆಟೋಮ್ಯಾಟಿಕ್ ವಾಚು 40 ಗಂಟೆಯ ಆಸುಪಾಸು ಓಡುತ್ತದೆ. ಟಿಸ್ಸೋದವರ ಪವರ್‌ಮ್ಯಾಟಿಕ್ 80ರಂಥದ್ದಾದರೆ ಹೆಸರೇ ಹೇಳುವ ಹಾಗೆ 80 ಗಂಟೆ. ಶುಕ್ರವಾರ ಸಂಜೆ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆಯೂ ಓಡುತ್ತಿರುತ್ತದೆ. ವಾಚು ಸುಮ್ನೆ ನಿಂತರೆ ಹಾಳಾಗುತ್ತದೆ, ಎಣ್ಣೆ ಗಟ್ಟಿಯಾಗುತ್ತದೆ ಎಂದು ಹೆದರಿಸಿ ಮಾರುವವರಿದ್ದಾರೆ. ಹಳೆಯ ಕಾಲದ ಎಣ್ಣೆಗಳಿಗೆ ಆ ಮಾತು ಸ್ವಲ್ಪ ಹೊಂದೀತು. ಈಗಿನ ಕೃತಕ ಎಣ್ಣೆಗಳಿಗೆ ಆ ಹೆದರಿಕೆ ಬೇಡ. ನಿಂತ ವಾಚು ಸವೆಯುವುದಿಲ್ಲ, ಓಡುವ ವಾಚೇ ಸವೆಯುವುದು.

ಬೇಕಾಗುವವರು ಮೂರು ಬಗೆ. ತಿಂಗಳು, ವರ್ಷ, ಚಂದ್ರನ ಕಲೆ ಎಲ್ಲ ತೋರಿಸುವ ದುಬಾರಿ ವಾಚು ಇರುವವರು, ಏಕೆಂದರೆ ಅದು ನಿಂತರೆ ಪುನಃ ಹೊಂದಿಸುವುದು ತಲೆನೋವು. ನಾಲ್ಕಾರು ವಾಚು ಇಟ್ಟುಕೊಂಡು ದಿನಕ್ಕೊಂದು ಕಟ್ಟುವವರು. ಮೂರನೆಯವರು ನಮ್ಮ ಅಪ್ಪನಂಥವರು. ಕೈ ಆಡುವುದಿಲ್ಲ, ಬೆರಳಲ್ಲಿ ಗಂಟುನೋವು, ಪಕ್ಕದ ಗುಂಡಿ ಎಳೆದು ತಿರುಗಿಸಲು ಆಗುವುದಿಲ್ಲ. ಅಪ್ಪನ ವಾಚಿನೊಳಗಿರುವುದು 7ಎಸ್26 ಎಂಬ ಮಿಷನ್. ಅದಕ್ಕೆ ಕೀ ಕೊಡುವ ವ್ಯವಸ್ಥೆಯೇ ಇಲ್ಲ. ಗುಂಡಿ ತಿರುಗಿಸಿದರೆ ಸ್ಪ್ರಿಂಗ್ ಸುತ್ತುವುದಿಲ್ಲ. ಅಲ್ಲಾಡಿಸುವುದೊಂದೇ ದಾರಿ. ಅಂಗಡಿಯವರು ಈ ಮೂರನೆಯ ಬಗೆಯ ಗಿರಾಕಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನನಗೆ ಕೇಳಿದರೆ ಇದರ ನಿಜವಾದ ಉಪಯೋಗ ಇವರಿಗೇ.

ಈಗ ಮುಖ್ಯ ಲೆಕ್ಕ. ವೈಂಡರಿನ ಪೆಟ್ಟಿಗೆಯ ಮೇಲೆ ಟಿಪಿಡಿ ಎಂದು ಬರೆದಿರುತ್ತದೆ. ದಿನಕ್ಕೆ ಎಷ್ಟು ಸುತ್ತು ಎಂದರ್ಥ. ಹೆಚ್ಚಿನ ವಾಚುಗಳಿಗೆ ದಿನಕ್ಕೆ 650ರಿಂದ 800 ಸುತ್ತು ಸಾಕು. ಕೇಳಲು ದೊಡ್ಡ ಸಂಖ್ಯೆ. ಆದರೆ ವೈಂಡರ್ ನಿಮಿಷಕ್ಕೆ 10 ಸುತ್ತು ತಿರುಗಿದರೆ 650 ಸುತ್ತಿಗೆ ಇಡೀ ದಿನದಲ್ಲಿ ಬೇಕಾದದ್ದು 65 ನಿಮಿಷ ಮಾತ್ರ. ಅಂದರೆ ಒಳ್ಳೆಯ ವೈಂಡರ್ ಹೆಚ್ಚು ಹೊತ್ತು ಸುಮ್ಮನೆ ನಿಂತಿರಬೇಕು. ಎರಡು ನಿಮಿಷ ತಿರುಗಿ ಸುಮಾರು 40 ನಿಮಿಷ ನಿಂತರೆ ಲೆಕ್ಕ ಸರಿಯಾಯಿತು.

ನಾನು ಮೊದಲು ಆನ್‌ಲೈನಿನಲ್ಲಿ ತರಿಸಿದ ಅಗ್ಗದ ವೈಂಡರ್ ಹಾಗಿರಲಿಲ್ಲ. ಎರಡು ನಿಮಿಷ ತಿರುಗುವುದು, ಆರು ನಿಮಿಷ ನಿಲ್ಲುವುದು, ಪುನಃ ಎರಡು ನಿಮಿಷ. ನೋಡಲಿಕ್ಕೆ ಚೆನ್ನಾಗಿ ದುಡಿಯುತ್ತಿದೆ ಅನಿಸುತ್ತಿತ್ತು. ಒಂದು ಭಾನುವಾರ ಕುಳಿತು ಲೆಕ್ಕ ಹಾಕಿದೆ. ತಿರುಗುವ ಬಟ್ಟಲಿಗೆ ಬಿಳಿ ಟೇಪಿನ ತುಂಡು ಅಂಟಿಸಿ ಎಣಿಸಿದರೆ ನಿಮಿಷಕ್ಕೆ 10 ಸುತ್ತು. ಎಂಟು ನಿಮಿಷಕ್ಕೆ 20. ದಿನಕ್ಕೆ ಇಂಥ 180 ಸರದಿ. ಒಟ್ಟು 3,600 ಸುತ್ತು! ಬೇಕಾದ್ದಕ್ಕಿಂತ ಐದು ಪಟ್ಟು. ಪೆಟ್ಟಿಗೆಯ ಮೇಲೆ ಟಿಪಿಡಿಯ ಸುದ್ದಿಯೇ ಇರಲಿಲ್ಲ. ಸಂಖ್ಯೆ ಬರೆಯದ ವೈಂಡರ್ ಕೊಳ್ಳಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಜಾಸ್ತಿ ತಿರುಗಿದರೆ ಸ್ಪ್ರಿಂಗ್ ತುಂಡಾಗುತ್ತದಾ? ಇಲ್ಲ. ಆಟೋಮ್ಯಾಟಿಕ್ ವಾಚಿನ ಸ್ಪ್ರಿಂಗಿನ ಹೊರತುದಿಯನ್ನು ಡಬ್ಬಿಯ ಗೋಡೆಗೆ ಗಟ್ಟಿಯಾಗಿ ಸಿಕ್ಕಿಸಿರುವುದಿಲ್ಲ. ಪೂರ್ತಿ ಬಿಗಿಯಾದ ಮೇಲೆ ಅದು ಗೋಡೆಯ ಮೇಲೆ ಜಾರುತ್ತದೆ. ಮನೆಯ ನೀರಿನ ಟ್ಯಾಂಕಿ ನೆನೆಯಿರಿ. ತುಂಬಿದ ಮೇಲೂ ಪಂಪು ಓಡುತ್ತಿದ್ದರೆ ಟ್ಯಾಂಕಿ ಒಡೆಯುವುದಿಲ್ಲ, ಓವರ್‌ಫ್ಲೋ ಪೈಪಿನಲ್ಲಿ ನೀರು ಹೋಗುತ್ತದೆ. ಹಾಗಂತ ಪಂಪನ್ನು ಹಗಲುರಾತ್ರಿ ಬಿಡುತ್ತೀರಾ? ಪಂಪು ಸವೆಯುತ್ತದೆ, ಗೋಡೆಗೆ ಪಾಚಿ ಹಿಡಿಯುತ್ತದೆ. ವಾಚಿನಲ್ಲೂ ಹಾಗೆಯೇ. ಜಾರುವ ಜಾಗದ ಗ್ರೀಸು, ರೋಟರಿನ ಬೇರಿಂಗು, ಕೀ ಕೊಡುವ ಚಕ್ರಗಳು ಸುಮ್ನೆ ಸವೆಯುತ್ತವೆ.

ಇನ್ನೊಂದು ಸೂಕ್ಷ್ಮ ಉಂಟು, ಇದು ನನಗೆ ತಡವಾಗಿ ಹೊಳೆದದ್ದು. ಟಿಪಿಡಿ ಎನ್ನುವುದು 24 ಗಂಟೆಯ ಲೆಕ್ಕ. ಅಪ್ಪ ಬೆಳಿಗ್ಗೆ ಆರಕ್ಕೆ ವಾಚು ಕಟ್ಟಿ ರಾತ್ರಿ ಒಂಬತ್ತಕ್ಕೆ ಬಿಚ್ಚುತ್ತಾರೆ. ವೈಂಡರಿನಲ್ಲಿ ಅದು ಇರುವುದು ಒಂಬತ್ತು ಗಂಟೆ ಮಾತ್ರ. 650 ಎಂದು ಇಟ್ಟರೆ ಅದಕ್ಕೆ ಸಿಗುವುದು ಸುಮಾರು 244 ಸುತ್ತು. 800 ಇಟ್ಟರೆ 300. ಹಗಲು ಅವರ ಕೈಯಿಂದ ಸಿಗುವ ಅಷ್ಟಿಷ್ಟು ಸೇರಿದರೆ ಸಾಕಾಗುತ್ತದೆ. ಹಾಗಾಗಿ ನಮ್ಮಲ್ಲಿ 800. ನಿಮ್ಮದು ವಾರವಿಡೀ ಪೆಟ್ಟಿಗೆಯಲ್ಲೇ ಇರುವ ವಾಚಾದರೆ 650ಕ್ಕಿಂತ ಕಡಿಮೆಯಿಂದಲೇ ಶುರುಮಾಡಿ.

ಕಡಿಮೆ ಎಷ್ಟು ಸಾಕು ಎಂದು ತಿಳಿಯಲು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮೊದಲು ವಾಚಿಗೆ ಪೂರ್ತಿ ಕೀ ಕೊಡಿ. ಕೀ ಇಲ್ಲದ ಅಪ್ಪನ ವಾಚಿನಂಥದ್ದಾದರೆ ಒಂದು ದಿನ ಕಟ್ಟಿಕೊಂಡು ಚೆನ್ನಾಗಿ ಓಡಾಡಿ. ಆಮೇಲೆ ವೈಂಡರಿನ ಅತಿ ಕಡಿಮೆ ಸಂಖ್ಯೆಯಲ್ಲಿ ಇಟ್ಟು ಮೂರು ನಾಲ್ಕು ದಿನ ಬಿಡಿ. ವಾಚಿನ ಸ್ವಂತ ಶಕ್ತಿ 40 ಗಂಟೆಯದ್ದು. ನಾಲ್ಕನೆಯ ದಿನವೂ ಓಡುತ್ತಿದ್ದರೆ ಆ ಸಂಖ್ಯೆ ಸಾಕು ಎಂದರ್ಥ. ನಿಂತರೆ ಒಂದು ಮೆಟ್ಟಿಲು ಏರಿಸಿ. ಒಂದು ಎಚ್ಚರ: ಪೂರ್ತಿ ನಿಂತ ವಾಚನ್ನು ಹಾಗೆಯೇ ವೈಂಡರಿಗೆ ಹಾಕಿ, ಓಡಲಿಲ್ಲ ಎಂದು ದೂರಬೇಡಿ. ತುಂಬಿದ್ದನ್ನು ತುಂಬಿಯೇ ಇಡುವುದು ಅದರ ಕೆಲಸ. ನಿಂತ ವಾಚಿಗೆ ಗುಂಡಿಯಿಂದ 20-30 ಸುತ್ತು ಕೀ ಕೊಟ್ಟು ಇಡಬೇಕು, ಇಲ್ಲವೇ ಅರ್ಧ ನಿಮಿಷ ಅಡ್ಡಕ್ಕೆ ತೂಗಿ ಇಡಬೇಕು.

ಎಷ್ಟು ಸುತ್ತು ಎಂಬುದರ ಜೊತೆಗೆ ಯಾವ ಕಡೆಗೆ ಎಂಬುದೂ ಉಂಟು. ಕೈಗರಗಸ ಒಂದೇ ಕಡೆಗೆ ಕೊಯ್ಯುತ್ತದೆ, ವಾಪಸ್ ಎಳೆಯುವಾಗ ಸುಮ್ನೆ ಬರುತ್ತದೆ. ಮರ ಸೀಳಲು ಇಬ್ಬರು ಹಿಡಿದು ಎಳೆಯುತ್ತಿದ್ದ ದೊಡ್ಡ ಗರಗಸ ಹೋಗುವಾಗಲೂ ಬರುವಾಗಲೂ ಕೊಯ್ಯುತ್ತಿತ್ತು. ವಾಚುಗಳಲ್ಲೂ ಹೀಗೆ ಎರಡು ಜಾತಿ. ಸೀಕೋ 1959ರಲ್ಲಿ ತಂದ ಮ್ಯಾಜಿಕ್ ಲಿವರ್ ಎಂಬ ಪುಟ್ಟ ಕವಲುಗೋಲಿನಿಂದಾಗಿ ಅವರ ರೋಟರ್ ಯಾವ ಕಡೆ ತಿರುಗಿದರೂ ಸ್ಪ್ರಿಂಗ್ ಬಿಗಿಯಾಗುತ್ತದೆ. ತುಂಬ ಸ್ವಿಸ್ ವಾಚುಗಳಲ್ಲಿರುವ ಇಟಿಎ 2824 ಎಂಬ ಮಿಷನ್ನಿಗೂ ಎರಡೂ ಕಡೆ ನಡೆಯುತ್ತದೆ. ಆದರೆ ಮಿಯೋಟಾ 8215 ಮತ್ತು ವಾಲ್ಜೂ 7750 ಎಂಬ ಮಿಷನ್ನುಗಳು ಒಂದೇ ಕಡೆಯವು. 7750 ಇರುವ ವಾಚು ಕಟ್ಟಿದವರಿಗೆ ಗೊತ್ತು, ಕೆಲವೊಮ್ಮೆ ರೋಟರ್ ಬಿಡುಬೀಸಾಗಿ ಸುತ್ತಿ ಕೈ ಮೇಲೆ ವಾಚೇ ಅದುರಿದ ಹಾಗಾಗುತ್ತದೆ. ಅದು ರೋಟರ್ ಕೆಲಸವಿಲ್ಲದ ದಿಕ್ಕಿಗೆ ತಿರುಗುವ ಹೊತ್ತು.

ಒಂದೇ ಕಡೆಯ ವಾಚನ್ನು ಎರಡೂ ಕಡೆ ಸರದಿಯಲ್ಲಿ ತಿರುಗುವ ವೈಂಡರಿಗೆ ಹಾಕಿದರೆ ಅರ್ಧ ಸುತ್ತು ದಂಡ. 650ರಲ್ಲಿ 325 ಮಾತ್ರ ಹೊಟ್ಟೆಗೆ ಹೋಗುತ್ತದೆ. ಹಾಗಾಗಿ ಎಡ, ಬಲ, ಎರಡೂ ಎಂದು ಮೂರು ಆಯ್ಕೆ ಇರುವ ವೈಂಡರನ್ನೇ ತೆಗೆದುಕೊಳ್ಳಿ. ನಿಮ್ಮ ವಾಚಿನ ದಿಕ್ಕು ಯಾವುದು ಎಂದು ಹುಡುಕಿದರೆ ಒಬ್ಬರು ಬಲ ಎನ್ನುತ್ತಾರೆ, ಇನ್ನೊಬ್ಬರು ಎಡ. ಒಬ್ಬರು ಮುಳ್ಳಿನ ಕಡೆಯಿಂದ ನೋಡಿ ಹೇಳಿರುತ್ತಾರೆ, ಇನ್ನೊಬ್ಬರು ಹಿಂದಿನ ಮುಚ್ಚಳದ ಕಡೆಯಿಂದ. ಜಗಳ ಬೇಡ, ಮೇಲೆ ಹೇಳಿದ ನಾಲ್ಕು ದಿನದ ಪರೀಕ್ಷೆಯನ್ನು ಒಂದೊಂದೇ ದಿಕ್ಕಿನಲ್ಲಿ ಮಾಡಿ ನೋಡಿ.

ಬಟ್ಟಲಿನಲ್ಲಿ ವಾಚು ನೆಟ್ಟಗೆ ಅಥವಾ ಸ್ವಲ್ಪ ವಾಲಿ ನಿಲ್ಲಬೇಕು. ಮಲಗಿಸಿಟ್ಟು ತಿರುಗಿಸಿದರೆ ಉಪಯೋಗವಿಲ್ಲ. ವೈಂಡರ್ ತಿರುಗಿಸುವುದು ವಾಚನ್ನು, ಭಾರದ ರೋಟರ್ ಮಾತ್ರ ಯಾವಾಗಲೂ ಕೆಳಗೇ ಇರಲು ನೋಡುತ್ತದೆ. ಆ ವ್ಯತ್ಯಾಸದಿಂದಲೇ ಸ್ಪ್ರಿಂಗ್ ಸುತ್ತುವುದು. ವಾಚು ಮಲಗಿದ್ದರೆ ರೋಟರಿಗೆ ಕೆಳಗೆ ಮೇಲೆ ಎಂಬುದೇ ಇಲ್ಲ. ವಾಚು ಸಿಕ್ಕಿಸುವ ದಿಂಬನ್ನೂ ಒತ್ತಿ ನೋಡಿ. ಅಪ್ಪನದು ಸಣ್ಣ ಮಣಿಕಟ್ಟು, ಚೈನಿನ ಎರಡು ಕೊಂಡಿ ತೆಗೆಸಿದ್ದೇವೆ. ಮೊದಲ ವೈಂಡರಿನ ದಿಂಬು ದಪ್ಪವಾಗಿ ಚೈನು ಮುಚ್ಚಲೇ ಇಲ್ಲ. ಒತ್ತಿದರೆ ಕುಗ್ಗಿ ಬಿಟ್ಟರೆ ಉಬ್ಬುವ ದಿಂಬು ಒಳ್ಳೆಯದು. ಸಡಿಲವಾದರೂ ಕಷ್ಟ, ರಾತ್ರಿಯಿಡೀ ಚೈನು ಕಟ್ ಕಟ್ ಎಂದು ಬಡಿಯುತ್ತದೆ.

ಸದ್ದಿನ ವಿಷಯ ಬಂತಲ್ಲ. ಜಾಹೀರಾತಿನಲ್ಲಿ 10 ಡೆಸಿಬೆಲ್ ಎಂದು ಬರೆದಿರುತ್ತಾರೆ. ಉಸಿರಾಟದ ಸದ್ದೇ ಸುಮಾರು ಅಷ್ಟಿರುತ್ತದೆ, ಆದ್ದರಿಂದ ಆ ಮಾತನ್ನು ನಂಬುವುದು ಕಷ್ಟ. ಅಂಗಡಿಯ ಗಲಾಟೆಯಲ್ಲಿ ಯಾವ ವೈಂಡರೂ ಸದ್ದು ಮಾಡುವುದಿಲ್ಲ. ಮಧ್ಯರಾತ್ರಿ, ಮಳೆ ಬಿಟ್ಟ ಹೊತ್ತಿನಲ್ಲಿ, ಕಪ್ಪೆಗಳೂ ಸುಮ್ಮನಾದ ಮೇಲೆ ಗೊತ್ತಾಗುವುದು. ನಮ್ಮ ಮೊದಲನೆಯದು ಎಂಟು ನಿಮಿಷಕ್ಕೊಮ್ಮೆ ಗುಂಯ್ ಎನ್ನುತ್ತಿತ್ತು. ಅಮ್ಮ ಎರಡನೆಯ ರಾತ್ರಿಯೇ ಅದನ್ನು ಅಡುಗೆಮನೆಗೆ ಸಾಗಿಸಿದರು. ರಬ್ಬರ್ ಬೆಲ್ಟಿನಲ್ಲಿ ಓಡುವವು ಸಾಮಾನ್ಯವಾಗಿ ಮೆತ್ತಗೆ, ಅಗ್ಗದ ಪ್ಲಾಸ್ಟಿಕ್ ಗಿಯರಿನವು ಗಟ್ಟಿ. ಬೆಲ್ಟು ಕಾಲಕ್ರಮದಲ್ಲಿ ಸಡಿಲವಾಗುತ್ತದೆ ಎಂಬುದೂ ನಿಜ. ಜಪಾನಿ ಮೋಟಾರ್ ಎಂದು ಎಲ್ಲರೂ ಬರೆಯುತ್ತಾರೆ. ಆ ಮಾತಿಗಿಂತ ಗ್ಯಾರಂಟಿ ಎಷ್ಟು ವರ್ಷ ಎಂದು ಕೇಳುವುದು ವಾಸಿ.

ಮೋಟಾರ್ ಎಂದರೆ ಒಳಗೆ ಅಯಸ್ಕಾಂತ ಇದ್ದೇ ಇರುತ್ತದೆ. ವಾಚಿನ ವೇಗ ಕಾಯುವ, ಕೂದಲೆಳೆಯಂಥ ಇನ್ನೊಂದು ಸ್ಪ್ರಿಂಗಿಗೆ ಅಯಸ್ಕಾಂತ ತಾಗಿದರೆ ಅದರ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವಾಚು ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗುತ್ತದೆ. ಒಳ್ಳೆಯ ವೈಂಡರಿನಲ್ಲಿ ಮೋಟಾರ್ ಬಟ್ಟಲಿನಿಂದ ದೂರ ಇರುತ್ತದೆ, ಇಲ್ಲವೇ ಕಬ್ಬಿಣದ ಹೊದಿಕೆ ಇರುತ್ತದೆ. ಪರೀಕ್ಷೆ ಸುಲಭ. ಫೋನಿನ ದಿಕ್ಸೂಚಿ ತೆರೆದು ಖಾಲಿ ಬಟ್ಟಲಿನ ಹತ್ತಿರ ನಿಧಾನಕ್ಕೆ ತನ್ನಿ. ಸೂಜಿ ಹುಚ್ಚೆದ್ದು ತಿರುಗಿದರೆ ಆ ವೈಂಡರ್ ಬೇಡ. ಮುಚ್ಚಳ ಟಪ್ ಎಂದು ಮುಚ್ಚಲು ಇಟ್ಟ ಅಯಸ್ಕಾಂತವನ್ನೂ ಹಾಗೆಯೇ ನೋಡಿ. ಅಕಸ್ಮಾತ್ ವಾಚಿಗೆ ಅಯಸ್ಕಾಂತ ಹಿಡಿದರೂ ಗಾಬರಿ ಬೇಡ, ರಿಪೇರಿಯವರ ಹತ್ತಿರ ಅದನ್ನು ಬಿಡಿಸುವ ಸಣ್ಣ ಯಂತ್ರ ಇರುತ್ತದೆ. ಅರ್ಧ ನಿಮಿಷದ ಕೆಲಸ.

ಇನ್ನು ಊರಿಗೆ ಸಂಬಂಧಪಟ್ಟ ಎರಡು ಮಾತು. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಆಟಿ ತಿಂಗಳಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಮೊದಲ ವೈಂಡರಿನ ಒಳಗೆ ಕಪ್ಪು ಮಕಮಲ್ಲು, ಹೊರಗೆ ಚರ್ಮದಂಥ ಹೊದಿಕೆ. ಒಂದೇ ಮಳೆಗಾಲಕ್ಕೆ ಮಕಮಲ್ಲಿನ ಮೇಲೆ ಬೂದುಬಣ್ಣದ ಪುಡಿ ಎದ್ದಿತು, ಹೊದಿಕೆ ಹಪ್ಪಳದ ಹಾಗೆ ಸುಲಿಯಿತು, ಒಳಗಿನ ಒತ್ತುಹಲಗೆ ಉಬ್ಬಿ ಮುಚ್ಚಳ ಕೂರಲಿಲ್ಲ. ಮಾರಿದವರು ಫೋನ್ ಎತ್ತುವುದನ್ನೇ ಬಿಟ್ಟರು. ಹಾಗಾಗಿ ಎರಡನೆಯ ಸಲ ನಾನು ಅಂದ ನೋಡಲಿಲ್ಲ. ಗಟ್ಟಿ ಪ್ಲಾಸ್ಟಿಕ್ ಮೈ, ಒರೆಸಬಹುದಾದ ಒಳಭಾಗ, ಗಾಳಿ ಆಡಲು ಹಿಂದೆ ಸೀಳು. ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಇಟ್ಟಿದ್ದೇನೆ. ಚರ್ಮದ ಪಟ್ಟಿಯ ವಾಚನ್ನಂತೂ ಮಳೆಗಾಲದಲ್ಲಿ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಲೇಬೇಡಿ.

ಎರಡನೆಯದು ಕರೆಂಟು. ಗಾಳಿ ಬೀಸಿ ತೆಂಗಿನ ಮಡಲು ತಂತಿ ಮೇಲೆ ಬಿತ್ತು ಅಂದರೆ ರಾತ್ರಿಯಿಡೀ ಕತ್ತಲೆ. ಕರೆಂಟು ಹೋಗುವುದು ದೊಡ್ಡ ಸಂಗತಿಯಲ್ಲ, ವಾಚಿನಲ್ಲಿ 40 ಗಂಟೆಯ ದಾಸ್ತಾನು ಉಂಟಲ್ಲ. ಕರೆಂಟು ಬಂದ ಮೇಲೆ ವೈಂಡರ್ ತಾನೇ ಶುರುವಾಗುತ್ತದಾ ಎಂಬುದು ಪ್ರಶ್ನೆ. ಕೆಲವು ಶುರುವಾಗುತ್ತವೆ, ಕೆಲವು ಯಾರಾದರೂ ಗುಂಡಿ ಒತ್ತುವ ತನಕ ಸತ್ತ ಹಾಗೆ ಬಿದ್ದಿರುತ್ತವೆ, ಇನ್ನು ಕೆಲವು ನೀವು ಇಟ್ಟ ಸಂಖ್ಯೆಯನ್ನೇ ಮರೆತು ತಮ್ಮ ಮೊದಲಿನ ಲೆಕ್ಕಕ್ಕೆ ಹೋಗುತ್ತವೆ. ಅಂಗಡಿಯಲ್ಲೇ ಪ್ಲಗ್ ಕಿತ್ತು ಪುನಃ ಹಾಕಿ ನೋಡಿ. ಅಂಗಡಿಯವರು ಏನಂದುಕೊಂಡರೂ ಪರವಾಗಿಲ್ಲ. ಯುಎಸ್‌ಬಿಯಲ್ಲಿ 5 ವೋಲ್ಟಿಗೆ ಓಡುವಂಥದ್ದಾದರೆ ಇನ್ನೂ ಒಳ್ಳೆಯದು, ಪವರ್‌ಬ್ಯಾಂಕಿನಲ್ಲೂ ನಡೆಯುತ್ತದೆ.

ದುಡ್ಡು ಎಷ್ಟು ಹಾಕಬೇಕು? ವುಲ್ಫ್‌ನಂಥ ಕಂಪನಿಗಳು ಉಂಟು, 1834ರಿಂದ ಪೆಟ್ಟಿಗೆ ಮಾಡುವ ಮನೆತನದವರು. ಸುತ್ತುಗಳನ್ನು ಅಂದಾಜಿಗೆ ಬಿಡದೆ ಎಣಿಸುತ್ತಾರೆ. ಆದರೆ ಅವುಗಳ ಬೆಲೆಯಲ್ಲಿ ಅಪ್ಪನಂಥ ಎರಡು ಮೂರು ವಾಚು ಬಂದೀತು. ವಾಚಿನ ಬೆಲೆಗಿಂತ ವೈಂಡರಿನ ಬೆಲೆ ಜಾಸ್ತಿಯಾಗಬಾರದು ಎಂಬುದು ನನ್ನ ಲೆಕ್ಕ. ಎರಡು ವಾಚಿನ ವೈಂಡರ್ ಕೊಳ್ಳುವವರು ಎರಡಕ್ಕೂ ಬೇರೆ ಬೇರೆ ಸಂಖ್ಯೆ, ದಿಕ್ಕು ಇಡಬಹುದಾ ಎಂದು ಮಾತ್ರ ಕೇಳಿಕೊಳ್ಳಿ. ಒಂದೇ ಮೋಟಾರಿನಲ್ಲಿ ಎರಡೂ ಬಟ್ಟಲು ತಿರುಗುವವು ಬೇಡ.

ಪಕ್ಕದ ಮನೆಯ ಅಜ್ಜ ಇದನ್ನು ನೋಡಿ ತಮ್ಮ ಎಚ್‌ಎಂಟಿ ತಂದು, "ಇದನ್ನೂ ಎರಡು ದಿನ ಅದ್ರಲ್ಲಿ ಇಡು ಮಗಾ" ಎಂದರು. ಅದು ಕೀ ಕೊಡುವ ವಾಚು, ಒಳಗೆ ರೋಟರೇ ಇಲ್ಲ, ತೊಟ್ಟಿಲಲ್ಲಿ ಇಟ್ಟು ತೂಗಿದರೂ ಓಡದು ಎಂದು ಅವರಿಗೆ ತಿಳಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಎಚ್‌ಎಂಟಿಯಲ್ಲೂ ಕಾಂಚನದಂಥ ಆಟೋಮ್ಯಾಟಿಕ್ ಇದ್ದವು. ಅವಾದರೆ ಆಗುತ್ತಿತ್ತು. ಸೆಲ್ಲಿನ ವಾಚಿಗೂ ವೈಂಡರಿಗೂ ಸಂಬಂಧ ಇಲ್ಲ.

ನಮ್ಮ ಎರಡನೆಯ ವೈಂಡರಿಗೆ ಈಗ ಎರಡು ಮಳೆಗಾಲ ಆಯಿತು. ಅಪ್ಪನ ವಾಚು ಒಮ್ಮೆಯೂ ನಿಂತಿಲ್ಲ. ಅದನ್ನು ಮೊದಲ ದಿನ ಇಡುವಾಗ ನಾನೊಂದು ತಪ್ಪು ಮಾಡಿದ್ದೆ. ವಾರ ಹೊಂದಿಸುವಾಗ ಇಂಗ್ಲಿಷಿನ ಬದಲು ಅರಬ್ಬಿಯಲ್ಲಿ ನಿಲ್ಲಿಸಿದ್ದೆ. ಗಮನಕ್ಕೆ ಬಂದಾಗ ರಾತ್ರಿ ಹತ್ತಾಗಿತ್ತು. ರಾತ್ರಿ 9ರಿಂದ ಬೆಳಗಿನ ಜಾವ 4ರ ತನಕ ತಾರೀಕು ಬದಲಾಗುವ ಚಕ್ರಗಳು ಹಲ್ಲಿಗೆ ಹಲ್ಲು ಕೊಟ್ಟಿರುತ್ತವೆ, ಆಗ ತಾರೀಕು, ವಾರ ಮುಟ್ಟಬಾರದು. ಬೆಳಿಗ್ಗೆ ಸರಿಮಾಡೋಣ ಎಂದು ಬಿಟ್ಟೆ. ವಾಚು ನಿಲ್ಲದ ಕಾರಣ ವಾರವನ್ನು ಮತ್ತೆ ಮುಟ್ಟುವ ಸಂದರ್ಭವೇ ಬರಲಿಲ್ಲ. ಮೊನ್ನೆ ನೆನಪಾಗಿ, "ಅಪ್ಪಾ, ಕೊಡಿ, ಇಂಗ್ಲಿಷಿಗೆ ಮಾಡಿಕೊಡ್ತೇನೆ" ಎಂದೆ.

"ಬೇಡ ಬೇಡ," ಎಂದರು ಅಪ್ಪ. ಹಾಲು ತರುವ ಬ್ಯಾರಿ ಹುಡುಗನ ಹತ್ತಿರ ಏಳು ವಾರದ ಹೆಸರನ್ನೂ ಕಲಿತಾಗಿತ್ತಂತೆ. ವಾಚನ್ನು ನನ್ನ ಮುಖದ ಹತ್ತಿರ ಹಿಡಿದು, "ಓದು ನೋಡುವ, ಇವತ್ತು ಯಾವ ವಾರ?" ಎಂದು ಕೇಳಿದರು.